ಚೌಕುಳಿ ಕಾಗದ

ವಿರಾಜಪೇಟೆಯ ಗಡಿಯಾರ ಕಂಬದ ಬಳಿ
ಔಷಧದಂಗಡಿಯ ಹಂಝಾ ಹೇಳುತ್ತಾನೆ:
"ಅರವತ್ತು ಮಾತ್ರೆ, ಸಾವಿರದ ನಲವತ್ತು.
ಒಳಗಿರೋದು ಚೆಂಡುಹೂವಿನ ಸತ್ವ, ಸಾರ್."
ಚೆಂಡುಹೂ ನಮ್ಮ ಬಚ್ಚಲ ಹಿಂದೆ ಪುಕ್ಕಟೆ.

ಮೂವತ್ತೊಂದು ವರ್ಷ ಸರಪಳಿ ಹಿಡಿದು
ಬಾಣೆ ಅಳೆದವನು ನಾನು.
ಗದ್ದೆಯ ಏರಿ ಎಷ್ಟು ಡೊಂಕಿದ್ದರೂ
ನನ್ನ ಗೆರೆ ನಡುಗಿದ್ದಿಲ್ಲ.
ಈಗ ಫ್ರಿಜ್ಜಿನ ಬಾಗಿಲಿಗೊಂದು ಚೌಕುಳಿ ಕಾಗದ.
ದಿನಾ ಬೆಳಿಗ್ಗೆ ಬಲಗಣ್ಣು ಮುಚ್ಚಿ
ನಡುವಿನ ಚುಕ್ಕೆ ನೋಡಬೇಕು.
ಎಡಕ್ಕೆ ಏಳನೆಯ ಗೆರೆ
ಕೂದಲೆಳೆಯಷ್ಟು ಬಾಗಿದೆ,
ಅಥವಾ ಫ್ರಿಜ್ಜೇ ವಾಲಿದೆ.

ಮೈಸೂರಿನ ಡಾಕ್ಟರಮ್ಮ ಸುಳ್ಳು ಹೇಳಲಿಲ್ಲ:
"ಇನ್ನೂ ಮೊದಲ ಹಂತ. ಈ ಹಂತದಲ್ಲಿ
ಮಾತ್ರೆ ನಾಟುತ್ತದೆಂದು ನಾನು ಹೇಳಲಾರೆ.
ಬೀಡಿ ಬಿಡಿ."
ಬೀಡಿ ಬಿಟ್ಟೆ.
ಮಾತ್ರೆ ಬಿಡುವಷ್ಟು ಧೈರ್ಯ ಬರಲಿಲ್ಲ.

ಅಕ್ಕ ಬೊಳ್ಳವ್ವ ತೋಡಿನ ಬದಿಯ ತೆರ್ಮೆ ಚಿಗುರು ತಂದು
"ಇದಕ್ಕೆ ಚೀಟಿ ಬೇಡ" ಅಂತ ಹುರಿದಿಟ್ಟಳು.
ಎರಡನ್ನೂ ತಿಂದೆ.

ವರ್ಷವಾಯಿತು. ಗೆರೆ ಅಷ್ಟೇ ಬಾಗಿ ನಿಂತಿದೆ.
ತಡೆದದ್ದು ಮಾತ್ರೆಯೋ, ತೆರ್ಮೆಯೋ,
ಬಿಟ್ಟ ಬೀಡಿಯೋ, ಕಣ್ಣಿನದೇ ಮರ್ಜಿಯೋ?
ಅಳೆಯಲು ಎರಡು ಕಲ್ಲು ಬೇಕು.
ನುಂಗಿದ ನಾನು ಒಂದು ಕಲ್ಲು, ಇಲ್ಲಿದ್ದೇನೆ.
ನುಂಗದೇ ಉಳಿದ ನಾನು
ಯಾವ ಬಾಣೆಯ ಮೂಲೆಯಲ್ಲಿ ಹೂತಿದ್ದಾನೋ,
ಸರಪಳಿಯ ಆ ತುದಿ ಹಿಡಿಯಲು ಆಳಿಲ್ಲ.

"ಕಟ್ಟಲಾ ಸಾರ್?" ಹಂಝಾ ಕೇಳುತ್ತಾನೆ.
ಅವನ ಮೂಗಿನ ಸುತ್ತ ಕೊಂಚ ಮಸುಕು,
ಕಿವಿಗಳು ಮಾತ್ರ ಸ್ಪಷ್ಟ.
"ಮೂವತ್ತು ಕೊಡು" ಅಂದೆ.
"ಅರ್ಧ ಸಾಕು."