ಹಳೇ ಅಳತೆ

ಲಷ್ಕರ್ ಮೊಹಲ್ಲಾದ ಮೂರನೇ ತಿರುವಿನಲ್ಲಿ
ಕುಲ್ಸುಂಬಿಯ ಹೊಲಿಗೆ ಅಂಗಡಿ.
ಬೋರ್ಡಿಲ್ಲ. ಕಿಟಕಿಗೆ ನೇತುಹಾಕಿದ ಒಂದು ತೋಳು,
ಅರ್ಧ ಹೊಲಿದದ್ದು, ಅದೇ ಗುರುತು.

ಎರಡು ಕರಿ ಬುರ್ಖಾ ಬೇಕು ಅಂದೆ.
ಬುರೈದಾದ ಆಸ್ಪತ್ರೆ, ಎರಡು ವರ್ಷದ ಕರಾರು, ವೀಸಾ ಬಂದಿದೆ.
ಅವಳು ಕೊರಳಿನ ಟೇಪು ಇಳಿಸಿ
ನನ್ನ ಮುಖ ನೋಡಲಿಲ್ಲ, ಚಪ್ಪಲಿ ನೋಡಿದಳು.
"ಹೀಲ್ಸ್ ಹಾಕಲ್ವಾ? ಹಾಗಾದ್ರೆ ಐವತ್ನಾಲ್ಕು ಸಾಕು."

ಭುಜ ಹದಿನಾಲ್ಕೂವರೆ.
"ಅಲ್ಲಿ ಮಟಮಟ ಮಧ್ಯಾಹ್ನ ಅಂದ್ರೆ ನಮ್ಮ ನಡುರಾತ್ರಿ ವಾರಿಜಾ,
ಬೀದೀಲಿ ಬೆಕ್ಕೂ ಇರಲ್ಲ.
ಊರು ಏಳೋದೇ ಹೊತ್ತು ಮುಳುಗಿದ ಮೇಲೆ.
ಮಕ್ಕಳು ರಾತ್ರಿ ಹನ್ನೆರಡಕ್ಕೆ ಉಯ್ಯಾಲೆ ಆಡ್ತವೆ.
ಬೈಬೇಡ, ಅದು ಅವರ ಸಂಜೆ."

ತೋಳು ಇಪ್ಪತ್ತೆರಡು.
"ಪೇಟೇಲಿರ್ತೀಯ, ಬಾಂಗ್ ಆಗುತ್ತೆ,
ದಡದಡ ಶಟರು ಎಳೀತಾರೆ. ಗಾಬರಿಯಾಗಬೇಡ.
ಮೆಟ್ಟಿಲ ಮೇಲೆ ಕೂತ್ಕೋ, ಚೀಲ ತೊಡೆ ಮೇಲಿಟ್ಕೊಂಡು.
ಇಪ್ಪತ್ತು ನಿಮಿಷ. ಊರಿಗೂರೇ ಉಸಿರು ಹಿಡಿದಂಗೆ.
ಈಗ ಹಾಗಿಲ್ಲವಂತೆ, ತಂಗಿ ಮಗಳು ಹೇಳಿದ್ಲು,
ಅಂಗಡಿ ತೆಗೆದೇ ಇರುತ್ತಂತೆ, ಸಿನಿಮಾನೂ ಬಂದಿದೆಯಂತೆ.
ನಾ ಹೇಳೋದು ನನ್ನ ಕಾಲದ್ದು. ಹಳೇ ಅಳತೆ.
ಒಂದಿಂಚು ಸಡಿಲ ಬಿಟ್ಟಿರ್ತೀನಿ, ಇರಲಿ."

ಎದೆ. ಬೆರಳು ತಣ್ಣಗಿತ್ತು.
"ಮನೆಗೆ ಕರೆದ್ರೆ ಹೋಗು.
ಹೆಂಗಸರ ಬಾಗಿಲು ಯಾವುದು ಅಂತ ಚಪ್ಪಲಿ ನೋಡಿ ತಿಳ್ಕೋ.
ಕಾಫಿ ಕೊಡ್ತಾರೆ. ನಮ್ಮ ಕಾಫಿ ಅನ್ಕೋಬೇಡ,
ಅರಿಶಿನ ಕದಡಿದ ನೀರಿನ ಬಣ್ಣ,
ಹಾಲಿಲ್ಲ, ಸಕ್ಕರೆ ಇಲ್ಲ, ಬರೀ ಏಲಕ್ಕಿ.
ನಮ್ಮ ಘಟ್ಟದ ಏಲಕ್ಕೀನೇ ಅಂತ
ನಾನೇ ತೀರ್ಮಾನ ಮಾಡ್ಕೊಂಡಿದ್ದೆ, ಯಾರನ್ನೂ ಕೇಳಲಿಲ್ಲ.
ಬಲಗೈಲಿ ತಗೋ.
ಸಾಕು ಅಂತ ಬಾಯಲ್ಲಿ ಹೇಳಬೇಡ, ಹೀಗೆ ಅಲ್ಲಾಡಿಸು."
ಗುಂಡಿ ಡಬ್ಬಿಯ ಮುಚ್ಚಳ ಹಿಡಿದು ತೋರಿಸಿದಳು,
ಎರಡು ಸಲ, ಮಣಿಕಟ್ಟು ಮಾತ್ರ.
"ಇಲ್ದಿದ್ರೆ ಸುರೀತಾನೇ ಇರ್ತಾರೆ, ಬೆಳಗಾಗುತ್ತೆ."

ಕೇಳಿದೆ: ನೀವು ಸಂಜೆ ಹೊತ್ತು ಎಲ್ಲೆಲ್ಲಿ ಹೋಗ್ತಿದ್ರಿ?

ಟೇಪು ನನ್ನ ಸೊಂಟದ ಸುತ್ತ ನಿಂತಿತು.
"ಎಲ್ಲಿಗೂ ಇಲ್ಲ."
ಒಂಬತ್ತು ವರ್ಷ ಅಡುಗೆಮನೆ.
ಪೇಟೆ ಅಂದರೆ ಕಾರಿನ ಹಿಂದಿನ ಸೀಟು, ತೊಡೆ ಮೇಲೆ ಅವರ ಮಗು,
ಗಾಜಿನಾಚೆ ಮೆಟ್ಟಿಲು, ಮುಚ್ಚಿದ ಶಟರು,
ಚೀಲ ಇಟ್ಟುಕೊಂಡು ಕೂತ ಯಾರೋ.
"ಆದ್ರೆ ಸರಿಯಾಗೇ ನೋಡಿದ್ದೀನಿ."

ಮತ್ತೆ ಆ ಲೋಟ ಅಲ್ಲಾಡಿಸೋದು?

"ಅಲ್ಲಾಡಿಸ್ತಿದ್ದದ್ದು ಅವರು ಕಣೇ.
ನಾನು ಸುರೀತಿದ್ದೆ."

ಅಷ್ಟರಲ್ಲಿ ಬೀದಿ ತುದಿಯ ಮಸೀದಿಯಲ್ಲಿ ಮಗ್ರಿಬಿನ ಬಾಂಗ್.
ಕತ್ತರಿ ಕೆಳಗಿಟ್ಟು, ಸೆರಗು ತಲೆಗೆಳೆದು ಒಳಗೆ ಹೋದಳು.
ನಾನು ಹೊರಗೆ ಮೆಟ್ಟಿಲ ಮೇಲೆ ಕೂತೆ,
ಚೀಲ ತೊಡೆ ಮೇಲೆ. ಯಾರೂ ಹೇಳಿರಲಿಲ್ಲ.
ಮಂಡಕ್ಕಿ ಗಾಡಿಯವನು ಈರುಳ್ಳಿ ಹೆಚ್ಚುತ್ತಲೇ ಇದ್ದ,
ಆಟೋ ಒಂದು ಹಿಂದೆ ಹಿಂದೆ ಬಂತು,
ತುಂಗೆಯ ಕಡೆಯಿಂದ ಪಾಚಿವಾಸನೆಯ ಗಾಳಿ.
ಇಲ್ಲಿ ಯಾವುದೂ ನಿಲ್ಲಲಿಲ್ಲ.
ನಾನು ಮಾತ್ರ ಕೂತೇ ಇದ್ದೆ,
ಪೂರ್ತಿ ಇಪ್ಪತ್ತು ನಿಮಿಷ.

ಬಂದು ಲೈಟು ಹಾಕಿದಳು, ಚೀಟಿ ಬರೆದಳು.
"ಮುಂಗಡ ಇನ್ನೂರು. ಬುಧವಾರ ಬಾ.
ಜೇಬು ಕೇಳಲಿಲ್ಲ ನೀನು, ನಾನೇ ಇಡ್ತೀನಿ, ಒಳಗಡೆ,
ಪಾಸ್‌ಪೋರ್ಟ್ ಹಿಡಿಸುವಷ್ಟು.
ಯಾರು ಕೇಳಿದ್ರೂ ತೆಗೀಬೇಡ.
ಎಷ್ಟೇ ಒಳ್ಳೆಯವರಾದ್ರೂ."