ಅಲುಗಿದ ಚಿತ್ರ

ಫಾರಂ ಕನ್ನಡದಲ್ಲೇ ಇತ್ತು. ಪ್ರಶ್ನೆ ಹದಿನಾಲ್ಕು:
ಯಾರೂ ಇಲ್ಲದಾಗ ನಿಮ್ಮ ಹೆಸರು ಹಿಡಿದು
ಯಾರೋ ಕರೆದಂತೆ ಕೇಳಿಸಿದ್ದುಂಟೇ?
ಎಂದೂ ಇಲ್ಲ. ಆಗೀಗ. ಪದೇ ಪದೇ. ಸದಾ.
ನಾಲ್ಕು ಚೌಕ, ದಾರ ಕಟ್ಟಿದ ಒಂದು ಪೆನ್ನು.

ನಾನು ಹದಿನೇಳು ವರ್ಷದ ಕಂಡಕ್ಟರು,
ಬನಶಂಕರಿಯಿಂದ ಶಿವಾಜಿನಗರ, ಶಿವಾಜಿನಗರದಿಂದ ಬನಶಂಕರಿ.
ಎಪ್ಪತ್ತು ಬಾಯಿ ನನ್ನ ಕಿವಿಯಲ್ಲಿ ನಿಂತುಕೊಂಡೇ ಬರುತ್ತವೆ.
ಚಿಲ್ಲರೆ ಇಲ್ಲ, ಆಧಾರ್ ತೋರಿಸ್ಬೇಕಾ, ಹೋಲ್ಡಾನ್ ಹೋಲ್ಡಾನ್.
ರಾತ್ರಿ ಅನ್ನ ಬಸಿಯುವಾಗಲೂ
ಕೆಲವರು ಇಳಿದಿರುವುದಿಲ್ಲ.
ಇದನ್ನೂ ಲೆಕ್ಕಕ್ಕೆ ಹಿಡಿಯಬೇಕೋ, ಕೇಳಿದೆ.
ಓದುವ ಹುಡುಗಿ ಜೆಸಿಂತಾ ನಕ್ಕಳು:
ಅದು ದಣಿವು ಮೇಡಂ. ಬೇರೆ ಏನಾದರೂ?

ಬೇರೆ ಇದೆ.
ವರ್ಷಕ್ಕೆ ಮೂರೋ ನಾಲ್ಕೋ ಸಲ
ಎಡಗಿವಿಯ ಹಿಂದೆ, ಒಂದು ಮೊಳ ದೂರದಲ್ಲಿ,
ಸಾವಂದೀ ಅನ್ನುತ್ತದೆ.
ಅವ್ವನ ದನಿಯಲ್ಲ. ಅವ್ವ ತಾವರೆಕೆರೆಯಲ್ಲಿ ಗಟ್ಟಿಯಾಗಿದ್ದಾಳೆ,
ಬಯ್ಯುವುದಿದ್ದರೆ ಫೋನಿನಲ್ಲೇ ಬಯ್ಯುತ್ತಾಳೆ.
ದೇವರಂತೂ ಅಲ್ಲವೇ ಅಲ್ಲ;
ದೇವರಾಗಿದ್ದರೆ ಏನಾದರೂ ಕೇಳುತ್ತಿತ್ತು,
ಒಂದು ಕೋಳಿಯನ್ನಾದರೂ.
ಇದು ಕರೆಯುತ್ತದೆ, ಅಷ್ಟೇ.
ತಿರುಗಿದರೆ ಗೋಡೆ, ಸಿಲಿಂಡರು, ಒಣಗಿದ ಯೂನಿಫಾರಂ.

ಆಗೀಗ, ಎಂದು ಗುರುತು ಹಾಕಿದೆ.
ಡಿಪೋಗೆ ಗೊತ್ತಾಗುತ್ತಾ?
ಇಲ್ಲ, ಹೆಸರು ಹೋಗಲ್ಲ, ನಂಬರು ಮಾತ್ರ.
ನೀವು ಆರೋಗ್ಯವಂತರ ಗುಂಪು.
ಎಷ್ಟೋ ಜನಕ್ಕೆ ಹೀಗಾಗುತ್ತದೆ, ಹೇಳಿಕೊಳ್ಳಲ್ಲ ಅಷ್ಟೇ.
ಆಮೇಲೆ ತನ್ನ ಹಣೆ ಮುಟ್ಟಿ ತೋರಿಸಿದಳು:
ಇಲ್ಲಿ, ಒಳಗೆ, ನಡುಗೆರೆಯ ಪಕ್ಕ ಒಂದು ಮಡಿಕೆ.
ಹುಟ್ಟುವ ಮೊದಲೇ ಬೀಳುತ್ತದೆ.
ಕೆಲವರಿಗೆ ಉದ್ದ, ಕೆಲವರಿಗೆ ಮೋಟು, ಕೆಲವರಿಗೆ ಒಂದೇ ಕಡೆ.
ಒಳಗಿನ ಮಾತು ಯಾವುದು, ಹೊರಗಿನದು ಯಾವುದು ಎಂದು
ವಿಂಗಡಿಸುವುದಕ್ಕೂ ಅದಕ್ಕೂ ನಂಟಿರಬಹುದು.
ಇರಬಹುದು, ಎಂದು ಇನ್ನೊಂದು ಸಲ ಹೇಳಿದಳು.

ಓಲೆ, ಕಾಲುಂಗುರ, ಸೀಟಿ
ಒಂದು ತಟ್ಟೆಯಲ್ಲಿಟ್ಟು ಮಲಗಿದೆ. ತಲೆಗೆ ಪಂಜರ.
ಯಂತ್ರ ಶುರುವಾಯಿತು: ಟಕಟಕ, ಆಮೇಲೆ ಗರ್ರನೆ,
ಹಳೆ ಗೇರುಬಾಕ್ಸು ಸೆಕೆಂಡಿಗೆ ಬೀಳದೆ ಒದ್ದಾಡಿದಂತೆ.
ಅಲುಗಾಡಬೇಡಿ, ಐದೇ ನಿಮಿಷ.
ನಾಲ್ಕನೆಯ ನಿಮಿಷಕ್ಕೆ
ಸದ್ದು ಸದ್ದಿನ ನಡುವಿನ ಸಂದಿಯಲ್ಲಿ
ಸಾವಂದೀ.

ಹ್ಞಾ, ಎಂದೆ. ಕತ್ತು ತಾನೇ ತಿರುಗಿತು.

ಸ್ಪೀಕರಿನಲ್ಲಿ ಯತಿರಾಜ: ಯಾಕಮ್ಮಾ ಅಲುಗಿದ್ರಿ?
ಕರೆದ್ರಲ್ಲ.
ಯಾರೂ ಕರೀಲಿಲ್ಲ.
ಗಾಜಿನ ಆಚೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.
ಮತ್ತೆ ಮೊದಲಿಂದ, ಅಂದರು. ಮತ್ತೆ ಮೊದಲಿಂದ ಮಲಗಿದೆ.

ಬೇಡಿಕೊಂಡ ಮೇಲೆ ಕೆಟ್ಟುಹೋದ ಆ ಚಿತ್ರ ತೋರಿಸಿದಳು.
ಅರ್ಧಕ್ಕೆ ಕೊಯ್ದ ಹೂಕೋಸು, ಬೂದು ಬಣ್ಣದ್ದು,
ಅದರ ಮೇಲೆಲ್ಲ ಅಲೆ, ಕಲ್ಲೆಸೆದ ಕೆರೆಯ ಹಾಗೆ,
ತಲೆಬುರುಡೆಯ ಅಂಚು ದಾಟಿ ಕತ್ತಲೆಯೊಳಕ್ಕೂ.
ಕರೆದದ್ದು ಅದರಲ್ಲಿ ಎಲ್ಲೂ ಬಿದ್ದಿಲ್ಲ.
ಬಿದ್ದಿರುವುದು ನಾನು ಓಗೊಟ್ಟದ್ದು.

ಮಡಿಕೆ ಉದ್ದವೋ, ಮೋಟೋ?
ಒಬ್ಬರ ತಲೆ ನೋಡಿ ಏನೂ ಹೇಳಕ್ಕಾಗಲ್ಲ ಮೇಡಂ,
ಎಂಬತ್ತು ತಲೆ ಸೇರಿಸಿ ಸರಾಸರಿ.
ಅರ್ಥವಾಯಿತು. ಒಂದು ಟಿಕೆಟ್ ನೋಡಿ
ರೂಟು ಲಾಭದಲ್ಲಿದೆಯೋ ಇಲ್ಲವೋ ಯಾರು ಹೇಳುತ್ತಾರೆ?

ಮರುದಿನ ಡೇರಿ ಸರ್ಕಲ್ಲಿನ ಕೆಂಪು ದೀಪದಲ್ಲಿ
ಡ್ರೈವರ್ ಕೆಂಚಪ್ಪನಿಗೆ ಹೇಳಿಬಿಟ್ಟೆ.
ಅವನು ಕನ್ನಡಿಯತ್ತ ನೋಡದೆ ಅಂದ:
ನಂಗೆ ನಾಯಿ.
ಕೊನೇ ಟ್ರಿಪ್ಪಲ್ಲಿ ಬಿಳೀ ನಾಯೊಂದು ಅಡ್ಡ ಬರ್ತದೆ.
ಬ್ರೇಕ್ ಹಾಕಿ ನೋಡಿದ್ರೆ ಇರಲ್ಲ.
ಡಾಕ್ಟರಿಗೆ ಹೇಳಿದ್ಯಾ?
ಹೆಂಡ್ತಿಗೇ ಹೇಳಿಲ್ಲ.
ಸ್ವಲ್ಪ ಬಿಟ್ಟು: ಬ್ರೇಕ್ ಹಾಕಿದ್ರೆ ಯಾರ ಗಂಟೇನು ಹೋಗ್ತದೆ.

ಹಸಿರು ಬಿತ್ತು. ರೈಟ್, ಎಂದು ಸೀಟಿ ಊದಿದೆ.
ಹಿಂದಿನಿಂದ ಯಾರೋ ಹೋಲ್ಡಾನ್ ಅಂದರು.
ಒಂದು ಗಳಿಗೆ ತಿರುಗದೆ ನಿಂತೆ.
ಅಷ್ಟರಲ್ಲಿ ಸೊಪ್ಪಿನ ಮೂಟೆಯ ಹೆಂಗಸೊಬ್ಬಳು
ಕಿವಿ ಕೇಳ್ಸಲ್ವಾ ನಿಂಗೆ, ಎಂದು ಬಯ್ಯುತ್ತ,
ನನ್ನ ಕಾಲು ತುಳಿದು ಇಳಿದುಹೋದಳು.