ಕಂಸ ಬಿಡಿಸುವುದು

ರಾತ್ರಿ ಎರಡೂವರೆ. ಮಸ್ಕತ್ತಿನ ಅಲ್ ಖುವೈರ್,
ಸಚಿವಾಲಯದ ನಾಲ್ಕನೇ ಮಹಡಿ.
ಎ.ಸಿ.ಗೆ ಎಚ್ಚರ, ಮತ್ತೆ ನನಗೆ.
ನ್ಯೂಯಾರ್ಕಿನಲ್ಲಿ ಇನ್ನೂ ಸಂಜೆ;
ಅಲ್ಲಿಂದ ಬಂದಿದೆ ಕರಡು, ಎಂಟನೆಯದು,
ಮೈತುಂಬ ಚೌಕ ಕಂಸ.

ಒಪ್ಪಿಗೆಯಾಗದ ಪದವನ್ನೆಲ್ಲ ಕಂಸಕ್ಕೆ ಹಾಕುವುದು ಇವರ ಪದ್ಧತಿ.
[ಹಂಚಿಕೊಳ್ಳತಕ್ಕದ್ದು] [ಹಂಚಿಕೊಳ್ಳಬಹುದು]
ಒಂದೇ ಸಾಲಲ್ಲಿ ಅಕ್ಕಪಕ್ಕದ ಕೋಣೆ.
ತಳದ ಸ್ಪಂಜು, ಹೆಸರಿಡದ ಹುಳು, ನಾಳೆ ಅದರಿಂದ ಬರುವ ಮದ್ದು
ಎಲ್ಲವೂ ಸೆರೆಯಲ್ಲಿ, ಹುಟ್ಟುವ ಮೊದಲೇ.

ಅಂಕೋಲೆಯ ಶಾಲೆಯಲ್ಲಿ ಬೀರಣ್ಣ ಮೇಷ್ಟ್ರು
ಡಸ್ಟರು ಕುಟ್ಟಿ ಹೇಳುತ್ತಿದ್ದರು:
ಮೊದಲು ಕಂಸ ಬಿಡಿಸು, ಆಮೇಲೆ ಭಾಗಾಕಾರ.
ಈ ಲೆಕ್ಕ ಅವರು ಕಂಡವರಲ್ಲ.
ಭಾಗಾಕಾರ ಎಂದೋ ಮುಗಿದಿದೆ ಇಲ್ಲಿ:
ಹಡಗಿದ್ದವರಿಗೆ ಇಷ್ಟು, ಪ್ರಯೋಗಾಲಯವಿದ್ದವರಿಗೆ ಇಷ್ಟು,
ಶೇಷ ಮಿಕ್ಕವರಿಗೆ.

ಫೋನಿನಲ್ಲಿ ರಯ್ಯಾ ಮೇಡಂ.
ಸೂರಿನ ನಾಖುದನೊಬ್ಬನ ಮೊಮ್ಮಗಳು; ಆ ಅಜ್ಜ
ಮಂಗಳೂರು ಹಂಚು ಹೇರಿಕೊಂಡು ಬರುವಾಗ
ನಡುಗಡಲಲ್ಲಿ ಯಾರ ಅಪ್ಪಣೆಯನ್ನೂ ಕೇಳಿದವನಲ್ಲ.
"ವಾಮನ್, ಹಳೆ ಕಡತ ತೆಗಿ. ನಮ್ಮ ನಿಲುವೇನಿತ್ತು?"

ನಮ್ಮ.
ನನ್ನ ಬತಾಕೆಯ ಅವಧಿ ಮಾರ್ಚಿಗೆ ತೀರುತ್ತದೆ.
ಅರಬ್ಬಿಯಲ್ಲಿ ಒಡೆದು ಓದಿದರೆ ನನ್ನ ಹೆಸರೇ ಒಂದು ಪ್ರಶ್ನೆ:
ವ ಮನ್? ಮತ್ತೆ, ಯಾರು?
ಆದರೂ ಕಡತ ತೆಗೆದೆ. ಹೇಳಿದೆ:
"ತಕ್ಕದ್ದು, ಮೇಡಂ. ಮೊದಲಿಂದಲೂ ತಕ್ಕದ್ದು."

ದೊಡ್ಡ ದೋಣಿಪಡೆಯ ದೇಶವೊಂದು ಮೊಗಸಾಲೆಯಲ್ಲಿ ಹಿಡಿದು
ಪಿಸುಗುಟ್ಟಿತಂತೆ: ಆ ಪದ ಬಿಟ್ಟುಬಿಡಿ,
ನಿಮ್ಮ ಬಂದರಿಗೆ ಎರಡು ಕ್ರೇನು.
ಈಕೆ ಫ್ಲಾಸ್ಕು ತೆರೆದು ಕಹ್ವಾ ಬಗ್ಗಿಸಿದಳು.
ಸಾಕೆನ್ನಲು ಬಟ್ಟಲು ಅಲ್ಲಾಡಿಸಬೇಕೆಂದು ಆತನಿಗೇನು ಗೊತ್ತು, ಪಾಪ,
ಒಂಬತ್ತು ಕುಡಿದ.
ಒಂಬತ್ತು ಬಟ್ಟಲ ಹೊತ್ತು ಅವಳು ಮಾತಾಡಿದಳು,
ಕ್ರೇನಿನ ಬಗ್ಗೆ ಒಂದಕ್ಷರವೂ ಇಲ್ಲ.

ನಾಲ್ಕೂವರೆಗೆ ಸಂದೇಶ. ತಕ್ಕದ್ದು ಉಳಿಯಿತು,
ಹಿಂದೊಂದು ಬಾಲ ಅಂಟಿಸಿಕೊಂಡು: ಸಾಧ್ಯವಾದ ಮಟ್ಟಿಗೆ.
ಎರಡು ಕೀಲಿ ಒತ್ತಿ ಕಂಸ ಅಳಿಸಿದೆ.
ಇನ್ನೂ ನೂರಾ ಹದಿನೇಳು ಇವೆ.

ಮನೆಗೆ ಹೋಗುತ್ತ ಮತ್ರಾದ ಮೀನುಪೇಟೆ.
ಖಲ್ಫಾನ್ ಗೇದರೆಯೊಂದನ್ನು ಕಲ್ಲ ಮೇಲೆ ಎತ್ತಿ ಹಾಕಿದ,
ಕಣ್ಣಿನ್ನೂ ತಿಳಿ.
ಎಲ್ಲಿಯದು ಎಂದೆ, ನಿದ್ದೆಗೆಟ್ಟ ಗುಮಾಸ್ತನ ಚಟ.
ಅವ ಗದ್ದ ಎತ್ತಿ ತೋರಿದ, ಆ ಕಡೆ,
ಗೆರೆಯೇ ಇಲ್ಲದ ಕಡೆ.
"ಬಾಲ ಬೇಕೋ, ಕಡಿದುಬಿಡಲೋ?"